‘ನುಸಿ’ ಅಂದರೆ ಯಾವುದು, ಕಾಳಿನದೋ ಎಲೆಯದೋ?

ಎಲ್ಲರಿಗೂ ಶರಣು.

ತೊಗರಿಯ ಗೊಡ್ಡು ರೋಗದ ಬಗ್ಗೆ ನಮ್ಮ ಕಲಬುರಗಿ ಕಡೆಯ ರೈತರಿಗೆಂದು ಒಂದು ಕರಪತ್ರ ಬರೆಯುತ್ತಿದ್ದೇನೆ. ವಿಷಯ ಕೀಟಶಾಸ್ತ್ರ ಓದಿದ ಗೆಳೆಯರದು, ಕನ್ನಡ ನನ್ನದು. ‘ನುಸಿ’ ಅನ್ನುವ ಪದಕ್ಕೆ ಬಂದು ಲೇಖನಿ ನಿಂತಿದೆ.

ಗೊಡ್ಡು ರೋಗಕ್ಕೆ ಮೂಲ ಒಂದು ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವ ಜೀವಿಯನ್ನು ಕೃಷಿ ಬರಹಗಳು ನುಸಿ ಎನ್ನುತ್ತವೆ. ಉದ್ದ ಸುಮಾರು 0.2 ಮಿ.ಮೀ. ಅಷ್ಟೇ. ರೆಕ್ಕೆ ಇಲ್ಲ, ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಎಲೆಯ ಕೆಳಮೈಯಲ್ಲಿ ಕೂತು ರಸ ಹೀರುತ್ತದೆ. ಶಾಸ್ತ್ರದ ಲೆಕ್ಕದಲ್ಲಿ ಇದು ಕೀಟವೇ ಅಲ್ಲ, ಜೇಡ ಮತ್ತು ಉಣ್ಣಿಯ ಬಳಗದ್ದು.

ನಮ್ಮ ಮನೆಗಳಲ್ಲಿ ಮಾತ್ರ ನುಸಿ ಅಂದರೆ ಕಾಳಿಗೆ ಹತ್ತುವ ಹುಳ. ‘ಬ್ಯಾಳಿಗಿ ನುಸಿ ಹತ್ಯಾವ, ಬಿಸಲಿಗಿ ಹಾಕು’ ಅನ್ನುವ ಮಾತು ಕೇಳಿಯೇ ಬೆಳೆದವರು ನಾವು. ಸಂಜೆ ಕಣ್ಣಮುಂದೆ ಮುತ್ತುವ ಸಣ್ಣ ಹಾರುಹುಳಕ್ಕೂ ಅದೇ ಹೆಸರು.

ಆಳಂದದ ಕಡೆ ಒಂದು ಹೊಲಕ್ಕೆ ಹೋಗಿದ್ದೆವು. ಸುತ್ತಲ ತೊಗರಿ ಹಳದಿ ಹೂ ಹೊತ್ತು ನಿಂತಿತ್ತು. ನಡುವೆ ಕೆಲವು ಗಿಡ ಮಾತ್ರ ತಿಳಿಹಸಿರಿನ ಸಣ್ಣೆಲೆ ತುಂಬಿಕೊಂಡು ಪೊದೆಯಾಗಿದ್ದವು. ಒಂದೂ ಹೂವಿಲ್ಲ. ಗೊಡ್ಡು ಎಮ್ಮೆ ಅನ್ನುವ ಮಾತನ್ನೇ ಗಿಡಕ್ಕೆ ಹಚ್ಚಿದವರ ಕಣ್ಣು ಎಷ್ಟು ಚೊಕ್ಕ ಎಂದು ಅಲ್ಲೇ ಅನ್ನಿಸಿತು. ಹೊಲದ ಕಾಕಾ ಅಂದರು: ‘ನುಸಿಯಿಂದ ಬರತದಂತ ಮೊದಲೇ ಹೇಳಿದ್ರರಿ. ಅದಕ್ಕ ಬೀಜ ಎರಡು ಸಲ ಒಣಗಿಸಿ, ಬೇವಿನ ತಪ್ಪಲ ಹಾಕಿ ಇಟ್ಟಿದ್ದೆ. ಆದ್ರೂ ಬಂತು ನೋಡ್ರಿ.’

ಕೇಳಿ ನನಗೆ ಬಹಳ ಕೆಡುಕೆನಿಸಿತು. ಈ ರೋಗ ಬೀಜದಿಂದ ಬರುವುದೇ ಇಲ್ಲ. ರೋಗದ ಗಿಡ ಕಂಡ ಕೂಡಲೇ ಕಿತ್ತು ಹಾಕಬೇಕು, ಬದುವಿನಲ್ಲಿ ಉಳಿದ ಹಳೆಯ ತೊಗರಿ, ಕೂಳೆ ತೆಗೆಯಬೇಕು, ಬಿಎಸ್‌ಎಂಆರ್ 736ರಂಥ ತಡೆಯುವ ತಳಿ ಬಿತ್ತಬೇಕು. ಕಾಕಾ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದ್ದರು. ಪದ ಅವರನ್ನು ಹೊಲದಿಂದ ಕಣಜಕ್ಕೆ ಕರೆದೊಯ್ದಿತ್ತು.

ದಕ್ಷಿಣದಲ್ಲಿ ಈ ತೊಡಕು ಕಡಿಮೆ ಇರಬಹುದು ಎಂದು ನನ್ನ ಊಹೆ. 1998ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಮುಂದೆ ನಮ್ಮ ರಾಜ್ಯದ ತೋಟಗಳಿಗೂ ಹಬ್ಬಿತು. ಕಾಯಿಯ ಮೇಲೆ ಕಂದು ಕಲೆ ಬಿದ್ದದ್ದನ್ನು ಕಂಡ ತುಮಕೂರಿನ ರೈತರಿಗೆ ನುಸಿಯ ಹೊಸ ಅರ್ಥ ಕಣ್ಣಿಗೇ ಕಟ್ಟಿತು. ಅದೂ ತೊಗರಿಯದೂ ಒಂದೇ ಕುಟುಂಬದವು. ನಮ್ಮ ಎರೆ ಹೊಲಗಳಲ್ಲಿ ತೆಂಗಿಲ್ಲ, ಆ ಅರ್ಥವೂ ಇತ್ತ ಬರಲಿಲ್ಲ.

‘ಎಲೆನುಸಿ’ ಅಂದರೆ ಕಾಳಿನ ನೆನಪು ಸ್ವಲ್ಪ ದೂರವಾದೀತು. ನನ್ನ ಮನಸ್ಸು ‘ಎಲೆ ಉಣ್ಣಿ’ಯ ಕಡೆಗಿದೆ. ದನದ ಮೈಯ ಉಣ್ಣಿ ಎಲ್ಲರೂ ಕಂಡದ್ದು, ಕಚ್ಚಿ ಕೂತು ಹೀರುವ ಗುಣವೂ ಕೂಡುತ್ತದೆ, ಬಳಗವೂ ಅದೇ. ಆದರೆ ಉಣ್ಣಿ ಕಣ್ಣಿಗೆ ಕಾಣುತ್ತದೆ, ಇದು ಕಾಣದು. ಕಾಣುವ ಉಣ್ಣಿಯನ್ನು ಎಲೆಯ ಮೇಲೆ ಹುಡುಕಿ, ಸಿಗದೆ, ರೋಗವಿಲ್ಲವೆಂದು ರೈತರು ಸುಮ್ಮನಾದರೆ?

ಬೀದರ, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ: ಎಲೆಗೆ ಹತ್ತುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗೆ ನಿಮ್ಮ ಹೊಲಗಳಲ್ಲಿ ಬೇರೆ ಮಾತಿದೆಯೇ? ಕಾಳಿನ ಹುಳಕ್ಕೆ ನಿಮ್ಮಲ್ಲೂ ನುಸಿ ಅಂತಲೇ ಅನ್ನುತ್ತಾರೋ?