ಓದುಗರ ಸ್ಪಂದನ: ‘ಮೊದಲು ಕೆಲಸ ಸಿಗಲಿ, ಆಮೇಲೆ ಆಸ್ಪತ್ರೆ’

ಕಳೆದ ವಾರ ಪೀಣ್ಯದ ಓದುಗರೊಬ್ಬರು ಬರೆದಿದ್ದರು. ಗಂಡನಿಗೆ 46 ವರ್ಷ, ಫ್ಯಾಕ್ಟರಿ ಕೆಲಸ ಹೋಗಿ ಎಂಟು ತಿಂಗಳು. ಬಿಪಿ ಮಾತ್ರೆ ನಿಲ್ಲಿಸಿದ್ದಾರೆ, ರಾತ್ರಿ ನಿದ್ದೆ ಇಲ್ಲ, ಕೇಳಿದರೆ ‘ಮೊದಲು ಕೆಲಸ ಸಿಗಲಿ, ಆಮೇಲೆ ಆಸ್ಪತ್ರೆ’ ಅಂತ ಸಿಡುಕು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ?

ತುಮಕೂರಿನಿಂದ: ಎಂಟು ತಿಂಗಳು ಸುಮ್ನೆ ಕೂತರೆ ಯಾರಿಗೆ ತಾನೇ ಬಿಪಿ ಬರಲ್ಲ? ಸೆಕ್ಯುರಿಟಿ ಕೆಲಸ ಇದೆ, ಡೆಲಿವರಿ ಇದೆ. ಮೊದಲು ಮನೆಯಿಂದ ಹೊರಡಲಿ.

*(ಈ ಧಾಟಿಯ ಪತ್ರಗಳು ಇನ್ನೂ ಇವೆ. ಬರೆದವರೆಲ್ಲ ಕೆಲಸದಲ್ಲಿರುವವರು. – ಸಂ.)*

ರಾಬರ್ಟ್‌ಸನ್‌ಪೇಟೆಯಿಂದ: ಅಕ್ಕ, ನಿಮ್ಮ ಪತ್ರ ಓದಿ ನಮ್ಮ ಅಪ್ಪನ ನೆನಪಾಯಿತು. ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ನಮ್ಮದು ಕೆಜಿಎಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಗಣಿಯ ಜೊತೆ ಗಣಿ ಆಸ್ಪತ್ರೆಯೂ ಹೋಯಿತು, ಅಂದರೆ ಸಂಬಳ ನಿಂತ ಹೊತ್ತಿಗೇ ಔಷಧಿಯೂ ಇಲ್ಲ. ಊರಿನ ಎಷ್ಟೋ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೊರಟರು. ಅಪ್ಪ ಹೋಗಲಿಲ್ಲ. ಪಾಳಿಗೆ ಒಂದು ನಿಮಿಷ ತಡ ಮಾಡದಿದ್ದ ಮನುಷ್ಯ ಗಡಿಯಾರ ನೋಡುವುದನ್ನೇ ಬಿಟ್ಟರು, ಊಟ ಯಾವಾಗಲೋ, ನಿದ್ದೆ ಯಾವಾಗಲೋ, ಸಂಜೆಯಾದರೆ ಕುಡಿತ. ನೆಂಟರೆಲ್ಲ ಸೋಮಾರಿ ಅಂದರು. ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿದ್ದು ಕಾಲಿನ ಗಾಯ ಮಾಯದೆ ಎರಡು ಬೆರಳು ತೆಗೆಸಬೇಕಾದಾಗ. ಅಪ್ಪ ಹೆದರುತ್ತಿದ್ದದ್ದು ಡಾಕ್ಟರಿಗಲ್ಲ. ಚೀಟಿ ಬರೆಸುವಾಗ ‘ಏನು ಕೆಲಸ ಮಾಡ್ತೀರಾ’ ಅಂತ ಕೇಳ್ತಾರಲ್ಲ, ಅದಕ್ಕೆ. ಕೊನೆಕೊನೆಗೆ ಅಮ್ಮನೇ ಮುಂದೆ ಹೋಗಿ ಚೀಟಿ ಬರೆಸಿ, ಸರದಿ ಬಂದಾಗ ಮಾತ್ರ ಅಪ್ಪನನ್ನು ಒಳಗೆ ಕರೆಯುತ್ತಿದ್ದರು. ನೀವೂ ಹಾಗೇ ಮಾಡಿ ನೋಡಿ.

*(ಮುಂದಿನ ಪತ್ರ ದುಡ್ಡಿನ ವಿಚಾರದ್ದು. ‘ಆಮೇಲೆ ಆಸ್ಪತ್ರೆ’ ಅನ್ನುವ ಮಾತಿನ ಹಿಂದೆ ಅದೂ ಇರಬಹುದಲ್ಲ. – ಸಂ.)*

ಹೊಸೂರು ರಸ್ತೆಯ ಎಚ್‌ಆರ್ ಒಬ್ಬರು: ಸಂಬಳ 21,000ದೊಳಗಿದ್ದು ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕಟ್ಟಿದ್ದರೆ, ಕೆಲಸ ಹೋದ ದಿನವೇ ಕಾರ್ಡ್ ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್. ಕೆಲಸ ಕಳೆದುಕೊಂಡವರಿಗೆ 90 ದಿನದವರೆಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಶುರುವಾಯಿತು. ಈಗ ನಿಮಗೆ ಸಿಗುತ್ತಾ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲೇ ಕೇಳಿ. ನಮ್ಮಲ್ಲಿಂದ ಬಿಟ್ಟುಹೋಗುವವರು ಪಿಎಫ್ ಬಗ್ಗೆ ಹತ್ತು ಸಲ ಕೇಳುತ್ತಾರೆ, ಇದರ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ನಿವೃತ್ತ ಅಧ್ಯಾಪಕರು, ಧಾರವಾಡ: 1930ರ ಸುಮಾರಿಗೆ ಆಸ್ಟ್ರಿಯಾದ ಮರಿಯೆಂತಾಲ್‌ನಲ್ಲಿ ಬಟ್ಟೆ ಗಿರಣಿ ಮುಚ್ಚಿದಾಗ ಸಮಾಜ ಮನೋವಿಜ್ಞಾನಿ ಮಾರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿನ ಜನ ಬೀದಿಯಲ್ಲಿ ನಡೆಯುವ ವೇಗ ಅಳೆದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ಮತ್ತೆ ಮತ್ತೆ ನಿಲ್ಲುತ್ತಿದ್ದರು. ಸಮಯ ಇತ್ತು, ಆದರೂ ಲೈಬ್ರರಿಯಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಇದನ್ನು ಸೋಮಾರಿತನ ಅಂತ ಹೇಗೆ ಅನ್ನೋಣರೀ?

*(ತುಮಕೂರಿನ ಓದುಗರೂ ಇದನ್ನು ಓದುತ್ತಾರೆ ಅಂದುಕೊಂಡಿದ್ದೇವೆ. ನಿದ್ದೆ ಕೆಟ್ಟವರು, ಮನಸ್ಸು ಕುಗ್ಗಿದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. – ಸಂ.)*

ಮೈಸೂರಿನಿಂದ: ಎಲ್ಲರೂ ಗಂಡನ ಬಿಪಿ ಬಗ್ಗೆ ಬರೆಯುತ್ತೀರಿ. ಎಂಟು ತಿಂಗಳಿಂದ ಮನೆ ನಡೆಸುತ್ತಿರುವ ಆಕೆ ತನ್ನ ಬಿಪಿ ನೋಡಿಸಿದ್ದಾಳಾ? ಅಮ್ಮಾ, ‘ನಂಗೆ ತಲೆ ಸುತ್ತುತ್ತೆ, ಜೊತೆಗೆ ಬನ್ನಿ’ ಅಂತ ಹೇಳಿ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಕರ್ಕೊಂಡು ಹೋಗಿ. ಅಲ್ಲಿ ದುಡ್ಡು ಕೇಳಲ್ಲ. ಇಬ್ಬರದೂ ನೋಡಿಸಿ.