ವರ್ಜೀನಿಯಾ ಗವರ್ನರ್‌ಗೆ ಸತತ ಎರಡನೇ ಅವಧಿ ಇಲ್ಲ: ಇದರಿಂದ ಯಾರ ಕೈ ಮೇಲಾಗುತ್ತದೆ?

ಬಯಲುಸೀಮೆ (ಪ್ರಶ್ನೆ):
ಅಮೆರಿಕದ ಗವರ್ನರ್ ನಮ್ಮ ರಾಜಭವನದಲ್ಲಿರುವವರಂತೆ ಕೇಂದ್ರದಿಂದ ನೇಮಕವಾಗುವವರಲ್ಲ, ಜನರಿಂದ ನೇರವಾಗಿ ಆಯ್ಕೆಯಾಗಿ ಸರ್ಕಾರ ನಡೆಸುವವರು. ಇಷ್ಟು ಗೊತ್ತು. ವರ್ಜೀನಿಯಾದಲ್ಲಿ 2025ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗೆದ್ದರು. ಆಗ ಅಧಿಕಾರದಲ್ಲಿದ್ದ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಸ್ಪರ್ಧಿಸುವ ಹಾಗೇ ಇರಲಿಲ್ಲ. ಬೇರೆ ರಾಜ್ಯಗಳಲ್ಲೂ ಹೀಗೆಯೇ? ನಾಲ್ಕೇ ವರ್ಷದಲ್ಲಿ ಒಬ್ಬ ಗವರ್ನರ್ ಏನು ಮಾಡಲು ಸಾಧ್ಯ? ನಮ್ಮಲ್ಲೂ ಮುಖ್ಯಮಂತ್ರಿಗೆ ಎರಡೇ ಅವಧಿ ಸಾಕು ಎನ್ನುವವರಿದ್ದಾರೆ, ಆ ದೃಷ್ಟಿಯಿಂದಲೂ ತಿಳಿದವರು ಹೇಳಿ.

ಕಡತಪ್ರಿಯ:
ಸತತವಾಗಿ ಎರಡನೇ ಸಲ ಬರುವಂತಿಲ್ಲ ಎಂಬ ನಿಯಮ ಉಳಿದಿರುವುದು ವರ್ಜೀನಿಯಾದಲ್ಲಿ ಮಾತ್ರ. ಆದರೆ ಬಿಡುವು ಕೊಟ್ಟು ಮತ್ತೆ ಬರಬಹುದು. ಮಿಲ್ಸ್ ಗಾಡ್ವಿನ್ 1966ರಿಂದ 1970ರವರೆಗೆ ಡೆಮಾಕ್ರಟಿಕ್ ಗವರ್ನರ್ ಆಗಿದ್ದು, 1974ರಲ್ಲಿ ಅದೇ ಕುರ್ಚಿಗೆ ರಿಪಬ್ಲಿಕನ್ ಆಗಿ ಬಂದರು. ಟೆರಿ ಮೆಕಾಲಿಫ್ 2021ರಲ್ಲಿ ಹಾಗೆ ಮರಳಲು ಹೋಗಿ ಯಂಗ್‌ಕಿನ್ ಎದುರು ಸೋತರು.

ಉಳಿದ ಕಡೆ ಒಂದೊಂದು ಕಡೆ ಒಂದೊಂದು ಲೆಕ್ಕ. ಕ್ಯಾನ್ಸಸ್, ಕೆಂಟಕಿಗಳಲ್ಲಿ ಸತತ ಎರಡು ಅವಧಿ, ಆಮೇಲೆ ಬಿಡುವು. ಕ್ಯಾಲಿಫೋರ್ನಿಯಾ, ಮಿಷಿಗನ್‌ಗಳಲ್ಲಿ ಜೀವಮಾನಕ್ಕೇ ಎರಡು. ಒರೆಗಾನ್‌ನಲ್ಲಿ ಯಾವುದೇ 12 ವರ್ಷದಲ್ಲಿ 8 ವರ್ಷ. ಟೆಕ್ಸಸ್, ನ್ಯೂಯಾರ್ಕ್, ಅಯೋವಾಗಳಲ್ಲಿ ಮಿತಿಯೇ ಇಲ್ಲ. ಅಯೋವಾದ ಟೆರಿ ಬ್ರಾನ್‌ಸ್ಟಡ್ ಎರಡು ಸರದಿಯಲ್ಲಿ 22 ವರ್ಷಕ್ಕೂ ಹೆಚ್ಚು ಕಾಲ ಗವರ್ನರ್ ಆಗಿದ್ದರು. ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್‌ಗಳಲ್ಲೂ ಮಿತಿಯಿಲ್ಲ, ಆದರೆ ಅವಧಿಯೇ ಎರಡು ವರ್ಷದ್ದು.

ಯಾವುದೇ ರಾಜ್ಯದ ನಿಯಮ ಓದುವಾಗ ಜನ ಎಡವುವುದು ಒಂದು ಕಡೆ: ಮಿತಿ ಬರುವ ಮೊದಲಿನ ಅವಧಿಗಳು ಲೆಕ್ಕಕ್ಕೆ ಸೇರುತ್ತವೆಯೇ ಎಂಬಲ್ಲಿ. ಕ್ಯಾಲಿಫೋರ್ನಿಯಾ ಮತದಾರರು 1990ರಲ್ಲಿ ತಂದ ಮಿತಿ ಹಳೆಯ ಅವಧಿಗಳನ್ನು ಎಣಿಸಲಿಲ್ಲ. ಅದಕ್ಕೇ 1975ರಿಂದ 1983ರವರೆಗೆ ಗವರ್ನರ್ ಆಗಿದ್ದ ಜೆರ್ರಿ ಬ್ರೌನ್ 2011ರಿಂದ 2019ರವರೆಗೆ ಇನ್ನೆರಡು ಅವಧಿ ಆಳಿದರು.

ಪೊಟೋಮ್ಯಾಕ್ ದಂಡೆ:
ನಾಲ್ಕೇ ವರ್ಷದ ನಿಜವಾದ ಪೆಟ್ಟು ಬೀಳುವುದು ಬಜೆಟ್ ಮೇಲೆ. ವರ್ಜೀನಿಯಾದ್ದು ಎರಡು ವರ್ಷದ ಬಜೆಟ್, ಸಮ ಸಂಖ್ಯೆಯ ವರ್ಷದ ಜುಲೈ 1ಕ್ಕೆ ಶುರು. ಅದನ್ನು ಹಿಂದಿನ ಡಿಸೆಂಬರ್‌ನಲ್ಲೇ ಮಂಡಿಸಬೇಕು, ಹೊಸ ಗವರ್ನರ್ ಪ್ರಮಾಣವಚನ ಜನವರಿಯಲ್ಲಿ. ಹಾಗಾಗಿ 2026–28ರ ಬಜೆಟ್ ಮಂಡಿಸಿದವರು ಹೊರಟು ನಿಂತಿದ್ದ ಯಂಗ್‌ಕಿನ್. ಸ್ಪ್ಯಾನ್‌ಬರ್ಗರ್ ತಿದ್ದುಪಡಿ ಸೂಚಿಸಬಹುದು, ಆದರೆ ಮೂಲ ಅವರದ್ದಲ್ಲ. ಅವರೇ ಮಂಡಿಸಿ ಅವರೇ ಸಹಿ ಹಾಕುವ ಪೂರ್ಣ ಬಜೆಟ್ ಒಂದೇ, 2028–30ರದ್ದು. 2029ರ ಡಿಸೆಂಬರ್‌ನಲ್ಲಿ ಮಂಡಿಸುವುದನ್ನು ಮುಂದಿನವರ ಕೈಗೆ ಬಿಟ್ಟು 2030ರ ಜನವರಿಯಲ್ಲಿ ಹೊರಡಬೇಕು.

ಹಾಗಂತ ಅವರು ಕೈ ಕಟ್ಟಿಸಿಕೊಂಡವರಲ್ಲ. ಬಜೆಟ್‌ನ ಒಂದೊಂದು ಬಾಬ್ತಿಗೆ ಪ್ರತ್ಯೇಕ ವಿಟೋ (ತಡೆ) ಹಾಕಬಹುದು. ಮಸೂದೆಯನ್ನು ಪೂರ್ತಿ ತಿರಸ್ಕರಿಸದೆ ತಿದ್ದುಪಡಿ ಬರೆದು ವಾಪಸ್ ಕಳಿಸಬಹುದು. ಆ ತಿದ್ದುಪಡಿ ಒಪ್ಪಲು ಸದನಗಳಲ್ಲಿ ಸರಳ ಬಹುಮತ ಸಾಕು, ವಿಟೋ ಮುರಿಯಲು, ಅಂದರೆ ಗವರ್ನರ್ ತಡೆದರೂ ಮಸೂದೆಯನ್ನು ಕಾನೂನು ಮಾಡಲು ಮಾತ್ರ, ಮೂರನೇ ಎರಡರಷ್ಟು ಬೇಕು. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಹಳ್ಳಿಮೇಷ್ಟ್ರು:
ಬಜೆಟ್ ಮಾತು ಸರಿ. ಆದರೆ ಗವರ್ನರ್ ಎಷ್ಟು ವರ್ಷ ಇರುತ್ತಾರೆ ಎನ್ನುವುದಕ್ಕಿಂತ ಅವರ ವಿಟೋ ಮುರಿಯಲು ಎಷ್ಟು ಮತ ಬೇಕು ಎನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಕೆಂಟಕಿಯಲ್ಲಿ ಒಟ್ಟು ಸದಸ್ಯರ ಬಹುಮತವೇ ಸಾಕು: ಕೆಳಮನೆಯ 100ರಲ್ಲಿ 51, ಸೆನೆಟ್‌ನ 38ರಲ್ಲಿ 20. ಮಸೂದೆಯನ್ನು ಪಾಸು ಮಾಡಿದ ಪಕ್ಷವೇ ವಿಟೋವನ್ನೂ ಮುರಿಯಬಹುದು, ಹಾಗಾಗಿ ಡೆಮಾಕ್ರಟಿಕ್ ಗವರ್ನರ್ ಆಂಡಿ ಬೆಷಿಯರ್ ಅವರ ವಿಟೋಗೆ ಹೆಚ್ಚು ಬೆಲೆ ಉಳಿಯುವುದಿಲ್ಲ. ಕ್ಯಾನ್ಸಸ್‌ನಲ್ಲಿ 125ರಲ್ಲಿ 84, 40ರಲ್ಲಿ 27 ಬೇಕು. ಅಲ್ಲಿ ಎದುರು ಪಕ್ಷದ ಕೆಲವೇ ಶಾಸಕರು ಅಲುಗಿದರೂ ಗವರ್ನರ್ ವಿಟೋ ಉಳಿದುಕೊಳ್ಳುತ್ತದೆ.

ನಾರ್ತ್ ಕ್ಯಾರೊಲಿನಾ ಇನ್ನೂ ಸ್ಪಷ್ಟ ಉದಾಹರಣೆ. ಅಲ್ಲಿ ಬೇಕಾದದ್ದು ಐದನೇ ಮೂರರಷ್ಟು, ಎಲ್ಲರೂ ಹಾಜರಿದ್ದರೆ ಕೆಳಮನೆಯ 120ರಲ್ಲಿ 72. 2023ರ ಏಪ್ರಿಲ್‌ನಲ್ಲಿ ಡೆಮಾಕ್ರಟಿಕ್ ಶಾಸಕಿ ಟ್ರಿಶಿಯಾ ಕಾಥಮ್ ರಿಪಬ್ಲಿಕನ್ ಪಕ್ಷ ಸೇರಿದ್ದೇ ತಡ, ಆ 72 ಭರ್ತಿಯಾಯಿತು, ಗವರ್ನರ್ ರಾಯ್ ಕೂಪರ್ ಅವರ ವಿಟೋ ನಿಲ್ಲದಾಯಿತು. ಅಲ್ಲಿ ನಮ್ಮ ಹತ್ತನೇ ಅನುಸೂಚಿಯಂಥ ಪಕ್ಷಾಂತರ ನಿಷೇಧ ಇಲ್ಲ, ಶಾಸಕರ ಸ್ಥಾನಕ್ಕೆ ಏನೂ ಆಗುವುದಿಲ್ಲ. 2024ರ ಚುನಾವಣೆಯಲ್ಲಿ ರಿಪಬ್ಲಿಕನ್ನರು 71ಕ್ಕೆ ಇಳಿದರು. ಕೂಪರ್ ಎರಡು ಅವಧಿ ಮುಗಿಸಿ ಹೊರಡುವವರು, ಗವರ್ನರ್ ಚುನಾವಣೆ ಗೆದ್ದ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೈನ್ ಇನ್ನೂ ಬಂದಿರಲಿಲ್ಲ. ಆ ನಡುವಿನ ಡಿಸೆಂಬರ್‌ನಲ್ಲಿ ಹಳೆಯ ಸದನವೇ ಕೂತು, ಚುನಾವಣಾ ಮಂಡಳಿಯ ನೇಮಕವನ್ನು ಗವರ್ನರ್ ಕೈಯಿಂದ ರಿಪಬ್ಲಿಕನ್ ರಾಜ್ಯ ಆಡಿಟರ್‌ಗೆ ವರ್ಗಾಯಿಸಿ, ಕೂಪರ್ ವಿಟೋವನ್ನೂ ಮುರಿಯಿತು. ಇದು ಮತದಾರರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಬಯಲುಸೀಮೆ:
ಧನ್ಯವಾದಗಳು. ಹಾಗಾದರೆ ಶಾಸಕರಿಗೂ ಮಿತಿ ಹಾಕಿದರೆ ಸಮ ಆಗುವುದಿಲ್ಲವೇ? ಮುಖ್ಯಮಂತ್ರಿ ವಿಚಾರ ಯಾರೂ ಮುಟ್ಟಲಿಲ್ಲ.

ಕಡತಪ್ರಿಯ:
ಶಾಸಕರಿಗೆ ಮಿತಿ ಇರುವ ರಾಜ್ಯಗಳಿವೆ. ಮಿಷಿಗನ್‌ನಲ್ಲಿ ಕೆಳಮನೆಗೆ 6 ವರ್ಷ ಎಂದಿಟ್ಟಿದ್ದರು. ಬಜೆಟ್ ಸಮಿತಿಯ ಕೆಲಸ ಕಲಿಯುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ, ಆಗ ಹಳೆಯ ಕಡತ ಬಲ್ಲವರೆಂದರೆ ಅಧಿಕಾರಿಗಳು ಮತ್ತು ಲಾಬಿ ಮಾಡುವವರು. ಕ್ಯಾಲಿಫೋರ್ನಿಯಾ 2012ರಲ್ಲಿ, ಮಿಷಿಗನ್ 2022ರಲ್ಲಿ ನಿಯಮ ಬದಲಿಸಿ, ಎರಡೂ ಸದನ ಸೇರಿ ಒಟ್ಟು 12 ವರ್ಷ, ಬೇಕಾದರೆ ಒಂದೇ ಸದನದಲ್ಲಿ ಕಳೆಯಬಹುದು ಎಂದು ಮಾಡಿಕೊಂಡವು.

ಮುಖ್ಯಮಂತ್ರಿಗೆ ಮಿತಿ ಬೇಕಾದರೆ ಸಂವಿಧಾನದ 164ನೇ ವಿಧಿಗೆ ಸಂಸತ್ತು ತಿದ್ದುಪಡಿ ತರಬೇಕು, ವಿಧಾನಸಭೆಯಿಂದ ಆಗುವ ಕೆಲಸವಲ್ಲ. ಸಚಿವರ ಸಂಖ್ಯೆಗೆ ಶೇ 15ರ ಮಿತಿ ಬಂದದ್ದೂ 91ನೇ ತಿದ್ದುಪಡಿಯಿಂದ. ಬಂದರೂ, ಪಕ್ಷದ ಹಿಡಿತ ಇರುವವರು ಮನೆಯವರನ್ನೇ ಕೂರಿಸುತ್ತಾರೆ. ಅಲಬಾಮದಲ್ಲಿ ಸತತ ಅವಧಿಗೆ ಅವಕಾಶ ಇಲ್ಲದಿದ್ದಾಗ ಜಾರ್ಜ್ ವ್ಯಾಲೆಸ್ 1966ರಲ್ಲಿ ಪತ್ನಿ ಲರ್ಲೀನ್ ಅವರನ್ನು ನಿಲ್ಲಿಸಿ ಗೆಲ್ಲಿಸಿದರು. ನವೀನ್ ಪಟ್ನಾಯಕ್ 24 ವರ್ಷ ಆಳಿದ ಒಡಿಶಾದಲ್ಲಿ ಈ ಚರ್ಚೆಗೆ ಅರ್ಥ ಇರಬಹುದು. ಕರ್ನಾಟಕದಲ್ಲಿ 2018ರ ವಿಧಾನಸಭೆ ಐದು ವರ್ಷದಲ್ಲಿ ಯಡಿಯೂರಪ್ಪ, ಕುಮಾರಸ್ವಾಮಿ, ಮತ್ತೆ ಯಡಿಯೂರಪ್ಪ, ಕೊನೆಗೆ ಬೊಮ್ಮಾಯಿ ಅವರನ್ನು ಕಂಡಿತು. ನಮ್ಮ ತೊಂದರೆ ಅವಧಿ ಪೂರ್ತಿಯಾಗದಿರುವುದು.

ಪೊಟೋಮ್ಯಾಕ್ ದಂಡೆ:
ವರ್ಜೀನಿಯಾ ತನ್ನ ನಿಯಮ ಬದಲಿಸಬಹುದೇ ಎಂದು ಯಾರಾದರೂ ಕೇಳಿದರೆ: ತಿದ್ದುಪಡಿಗೆ ಎರಡೂ ಸದನ ಒಪ್ಪಬೇಕು, ನಡುವೆ ಕೆಳಮನೆಯ ಚುನಾವಣೆ ನಡೆಯಬೇಕು, ಹೊಸ ಸದನ ಅದೇ ಪಠ್ಯವನ್ನು ಮತ್ತೆ ಒಪ್ಪಬೇಕು, ಆಮೇಲೆ ಜನಮತ. ಗವರ್ನರ್ ಸಹಿಗೆ ಇಲ್ಲಿ ಜಾಗವಿಲ್ಲ. ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಮತ್ತು ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಹುದ್ದೆಗಳಿಗೆ ಅವಧಿ ಮಿತಿಯಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಖಾಲಿಯಾಗುವ ಕುರ್ಚಿಯ ಮೇಲೆ ಅವರೂ, ಎರಡೂ ಪಕ್ಷಗಳ ಹಿರಿಯ ಶಾಸಕರೂ ಕಣ್ಣಿಟ್ಟಿರುವಾಗ ಆ ಮೊದಲ ಮತ ಬೀಳುವುದೇ ಕಷ್ಟ.