ಪದ ಬೇಕು: ಫಾರ್ವರ್ಡ್ ಹುಡುಗರ ‘ಸ್ಕಿಲ್ ಡೆವಲಪ್‌ಮೆಂಟ್’, ‘ಗೋಲ್ ಔಟ್‌ಪುಟ್’

ಎಲ್ಲರಿಗೂ ನಮಸ್ಕಾರ. ಹಾಕಿ ಕಲಿಯುವ ಫಾರ್ವರ್ಡ್ (ಮುಂದೆ ಆಡಿ ಗೋಲು ಹೊಡೆಯಬೇಕಾದ) ಹುಡುಗರಿಗೆ ಒಂದು ಗೋಡೆ ಚಾರ್ಟ್ ಮಾಡುತ್ತಿದ್ದೇವೆ. ಒಂದು ಕಾಲಂ ಸ್ಕಿಲ್ ಡೆವಲಪ್‌ಮೆಂಟ್, ಪಕ್ಕದ್ದು ಗೋಲ್ ಔಟ್‌ಪುಟ್. ಆಟ ಸುಧಾರಿಸಿದರೂ ಗೋಲು ತಡವಾಗಿ ಬರಬಹುದು ಅಂತ ಅಪ್ಪ ಅಮ್ಮಂದಿರಿಗೆ ಗೊತ್ತಾಗಲಿ ಅಂತ. ‘ಕೌಶಲ್ಯಾಭಿವೃದ್ಧಿ’, ‘ಗೋಲು ಉತ್ಪಾದನೆ’ ಅಂತ ಬರೆದಿದ್ದೆ, ಓದಿದರೆ ನನಗೇ ನಗು ಬರುತ್ತೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

> ಕೌಶಲ್ಯಾಭಿವೃದ್ಧಿ

‘ಕೌಶಲ್ಯ’ ಬೇಡ, ‘ಕೌಶಲ’ ಸಾಕು. ‘ಉತ್ಪಾದನೆ’ ಕಾರ್ಖಾನೆಗಿರಲಿ. ಫಾರ್ವರ್ಡ್ ಅನ್ನಬೇಡಿ, ‘ಮುನ್ಪಡೆಯವ’ ಅನ್ನಿ.

> ‘ಕೌಶಲ’ ಸಾಕು

ಎರಡೂ ಸಂಸ್ಕೃತದಲ್ಲೇ ಇವೆ ಸ್ವಾಮಿ. ನಮ್ಮ ‘ಪಳಗು’ ಇರುವಾಗ ಎರಡೂ ಯಾಕೆ? ಹಳಗನ್ನಡದಲ್ಲಿ ‘ಪೞಗು’, ತಮಿಳಿನಲ್ಲೂ ಇದೇ ಬೇರು. ‘ಪಾಲು’ ಹಾಲಾಯಿತು, ‘ಪೂ’ ಹೂವಾಯಿತು, ಇದು ಹಟ ಹಿಡಿದು ಪಕಾರ ಉಳಿಸಿಕೊಂಡಿದೆ. ‘ಆಟ ಪಳಗಿದ್ದು’ ಅಂತ ಬರೆಯಿರಿ.

> ‘ಆಟ ಪಳಗಿದ್ದು’

ಪಳಗಿಸೋದು ಆನೆಯನ್ನು, ದುಬಾರೆಯಲ್ಲಿ.

> ಪಳಗಿಸೋದು ಆನೆಯನ್ನು

ಪಳಗಿಸು ಬೇರೆ, ಪಳಗು ಬೇರೆ. ‘ಕೈ ಪಳಗಿದೆ’ ಅಂದರೆ ಯಾರಿಗೂ ಆನೆ ನೆನಪಾಗಲ್ಲ. ಆ ಪದ ಇರಲಿ.

ನನ್ನ ತಕರಾರು ಎರಡನೇ ಕಾಲಂ ಬಗ್ಗೆ. ಹುಡುಗ ಗೋಲಿಗೆ ಬೆನ್ನು ಮಾಡಿ ಪಾಸ್ ಹಿಡಿಯುತ್ತಾನೆ, ಒಂದೇ ಟಚ್‌ನಲ್ಲಿ ತಿರುಗಿ ಡಿ (ಗೋಲಿನ ಮುಂದೆ ಗೆರೆ ಹಾಕಿದ ಜಾಗ) ಒಳಗೆ ನುಗ್ಗುತ್ತಾನೆ, ಚೆಂಡು ಎದುರಾಳಿ ಕಾಲಿಗೆ ತಾಗುತ್ತೆ, ಅಂಪೈರ್ ಪೆನಾಲ್ಟಿ ಕಾರ್ನರ್ (ಎದುರಾಳಿ ತಪ್ಪಿಗೆ ಸಿಗುವ ಗೋಲಿನ ಅವಕಾಶ) ಕೊಡುತ್ತಾರೆ, ಹಿಂದಿನಿಂದ ಬಂದ ಡಿಫೆಂಡರ್ ಡ್ರ್ಯಾಗ್‌ಫ್ಲಿಕ್ (ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಚಿಮ್ಮಿಸೋದು) ಹೊಡೆದು ಗೋಲು ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಹುಡುಗನ ಲೆಕ್ಕದಲ್ಲಿ ಸೊನ್ನೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿ. ಕಂಚಿನ ಪಂದ್ಯದಲ್ಲಿ ಸ್ಪೇನ್ ವಿರುದ್ಧ 2–1. ನಮ್ಮ ಎರಡೂ ಗೋಲು ಹರ್ಮನ್‌ಪ್ರೀತ್ ಸಿಂಗ್ ಅವರದು, ಎರಡೂ ಪೆನಾಲ್ಟಿ ಕಾರ್ನರ್. ಇಡೀ ಕೂಟದಲ್ಲಿ ಅವರದು 10 ಗೋಲು, ಆಡೋದು ಡಿಫೆಂಡರ್ ಆಗಿ! ಫಾರ್ವರ್ಡ್ ಅಭಿಷೇಕ್ ಅವರದು 2. ಸೋಮವಾರಪೇಟೆಯ ಫಾರ್ವರ್ಡ್ ಎಸ್.ವಿ. ಸುನಿಲ್ ಭಾರತಕ್ಕೆ ಆಡಿದ 264 ಪಂದ್ಯದಲ್ಲಿ 72 ಗೋಲು ಹೊಡೆದರು. ಬಲಗಡೆಯಿಂದ ಅವರು ಓಡುತ್ತಿದ್ದ ಓಟ ನೋಡಿದವರು ಬರೀ ಆ 72ರಿಂದ ಅವರನ್ನು ಅಳೆಯುತ್ತಾರಾ?

ಅದಕ್ಕೇ ನಡುವೆ ಇನ್ನೊಂದು ಕಾಲಂ ಹಾಕಿ: ‘ಡಿ ಒಳಗೆ ನುಗ್ಗಿದ್ದು, ಕಾರ್ನರ್ ಗಿಟ್ಟಿಸಿದ್ದು’. ಸುಧಾರಣೆ ಮೊದಲು ಕಾಣೋದು ಅಲ್ಲೇ. ಕೊನೆಯದಕ್ಕೆ ‘ಗೋಲು’ ಅಂದರೆ ಸಾಕು.

> ‘ಡಿ ಒಳಗೆ ನುಗ್ಗಿದ್ದು’

ಕನ್ನಡದ ಪಟ್ಟಿಯಲ್ಲಿ ಡಿ, ಕಾರ್ನರ್, ಗೋಲು! ಹೀಗೆ ಕಡ ತರುತ್ತಾ ಹೋದರೆ ಕನ್ನಡದ್ದು ಅಂತ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ‘ಅರ್ಧವೃತ್ತ’ ಅನ್ನೋಕೆ ಏನು ಕಷ್ಟ?

> ‘ಅರ್ಧವೃತ್ತ’

ಅದೂ ಸಂಸ್ಕೃತದ ಕಡವೇ ಅಲ್ವಾ? ಸಾಲದ್ದಕ್ಕೆ ತಪ್ಪು. ಡಿ ಅರ್ಧವೃತ್ತ ಅಲ್ಲ. ಒಂದೊಂದು ಗೋಲು ಕಂಬದಿಂದ 14.63 ಮೀಟರಿಗೆ ಒಂದೊಂದು ಕಾಲು ವೃತ್ತ, ಎರಡನ್ನೂ ಸೇರಿಸೋಕೆ ನಡುವೆ 3.66 ಮೀಟರ್ ನೇರ ಗೆರೆ. ಫ್ಲೆಕ್ಸ್‌ನಲ್ಲಿ ‘ಡಿ’ ಅಂತಲೇ ಇರಲಿ.